ಫ್ಲೂ ಜ್ವರಕ್ಕೆ ಲಂಘನ ಬೇಡ

ಮಳೆ ಹಿಡಿದರೆ ಸಾಕು, ದಾವಣಗೆರೆಯ ಕ್ಲಿನಿಕ್ಕುಗಳಲ್ಲಿ ಈ ಮಾತು ಕಿವಿಗೆ ಬೀಳುತ್ತದೆ: ‘ಮೈ-ಕೈ ಎಲ್ಲಾ ಜಜ್ಜಿದಂಗೆ ಆಗೈತಿ, ಒಂದು ಗ್ಲೂಕೋಸ್ ಬಾಟ್ಲಿ ಏರಿಸ್ರಿ.’ ಬಾಟ್ಲಿ ಏರಿಸಿಕೊಂಡು ಮನೆಗೆ ಹೋದ ಮೇಲೆ ಊಟ ಬಂದ್. ಜ್ವರಕ್ಕೆ ಲಂಘನವೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಫ್ಲೂ ಮಟ್ಟಿಗೆ ಈ ಲೆಕ್ಕ ತಲೆಕೆಳಗು. ಆ ವಾರ ಮೈ ಮಾಡುವ ಖರ್ಚು ಮಾಮೂಲಿಗಿಂತ ಹೆಚ್ಚು.

ವೈರಸ್ ಸೇರಿಕೊಳ್ಳುವುದು ಮೂಗು, ಗಂಟಲು, ಶ್ವಾಸನಾಳದ ಒಳಪದರದಲ್ಲಿ. ನುಗ್ಗಿದ ಜೀವಕೋಶದ ಸಕ್ಕರೆ ಬಳಕೆಯನ್ನು ಏರಿಸಿಕೊಂಡು ಆರೆಂಟು ಗಂಟೆಯಲ್ಲಿ ಹೊಸ ವೈರಸ್‌ಗಳನ್ನು ಹೊರಬಿಡುತ್ತದೆ. ಸೊಂಟಕ್ಕೋ ಮೀನಖಂಡಕ್ಕೋ ಅದು ಸಾಮಾನ್ಯವಾಗಿ ಹೋಗುವುದೇ ಇಲ್ಲ. ಮತ್ತೆ ಅಲ್ಲೇಕೆ ನೋವು? ಸೋಂಕು ತಗಲಿದ ಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಸ್ರವಿಸುತ್ತವೆ. ಜೊತೆಗೆ ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನ್‌ಗಳೂ ರಕ್ತಕ್ಕೆ ಸೇರುತ್ತವೆ. ಮೈಬಿಸಿ ಹಿಡಿತದಲ್ಲಿಡುವ ಮಿದುಳಿನ ಹೈಪೊಥಲಾಮಸ್‌ನಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕ ಹೆಚ್ಚಿಸಿ ಜ್ವರ ಏರಿಸುವುದು, ಮೈ-ಕೈ ನೋಯಿಸುವುದು, ಹಸಿವು ಕಟ್ಟುವುದು, ಸ್ನಾಯುವಿನ ಪ್ರೋಟೀನ್ ಕರಗಿಸುವುದು ಎಲ್ಲ ಇವುಗಳದೇ ಕೆಲಸ.

ಸ್ನಾಯು ಕರಗುವುದು ಸುಮ್ಮನೆ ಅಲ್ಲ. ವೈರಸ್ಸಿನ ಗುರುತು ಹಿಡಿದ ಟಿ-ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಕೆಲವೇ ದಿನಗಳಲ್ಲಿ ಸಾವಿರಪಟ್ಟು ಬೆಳೆಯಬೇಕು. ಅದಕ್ಕೆ ಗ್ಲೂಕೋಸ್ ಬೇಕು, ಗ್ಲುಟಮಿನ್ ಎಂಬ ಅಮೈನೋ ಆಮ್ಲ ಬೇಕು. ಗ್ಲುಟಮಿನ್ನಿನ ದೊಡ್ಡ ಕಣಜ ನಮ್ಮ ಸ್ನಾಯುವೇ. ಇದರ ಮೇಲೆ ಜ್ವರದ ಖರ್ಚು ಬೇರೆ: ಮೈಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶಕ್ತಿಯ ಬಳಕೆ ಶೇ. 10ರಿಂದ 13ರಷ್ಟು ಏರುತ್ತದೆ.

2016ರಲ್ಲಿ ಯೇಲ್ ವಿಶ್ವವಿದ್ಯಾಲಯದ ರುಸ್ಲಾನ್ ಮೆಡ್‌ಝಿಟೋವ್ ತಂಡ ಸೋಂಕಿನಲ್ಲಿ ಉಣಿಸಿದರೆ ಏನಾಗುತ್ತದೆ ಎಂದು ಇಲಿಗಳಲ್ಲಿ ಪರೀಕ್ಷಿಸಿತು. ಲಿಸ್ಟೀರಿಯಾ ಬ್ಯಾಕ್ಟೀರಿಯಾ ತಗಲಿದ ಇಲಿಗಳಿಗೆ ಬಲವಂತವಾಗಿ ಉಣಿಸಿದ್ದು ಕೇಡಾಯಿತು. ಫ್ಲೂ ತಗಲಿದವಕ್ಕೆ ಉಣಿಸಿದ್ದು ಜೀವ ಉಳಿಸಿತು. ಇಲಿಯ ಫಲಿತಾಂಶವನ್ನು ಮನುಷ್ಯರಿಗೆ ನೇರವಾಗಿ ಹಚ್ಚುವಂತಿಲ್ಲ, ಆದರೆ ಎಲ್ಲ ಜ್ವರಕ್ಕೂ ಒಂದೇ ಪಥ್ಯ ಎಂಬ ನಂಬಿಕೆಯನ್ನು ಅದು ಅಲ್ಲಾಡಿಸುತ್ತದೆ.

ಈಗ ಬಾಟ್ಲಿಯ ಲೆಕ್ಕ. ಶೇ. 5ರ ಡೆಕ್ಸ್‌ಟ್ರೋಸ್ (ಅದು ಗ್ಲೂಕೋಸೇ) 500 ಎಂ.ಎಲ್. ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲರಿಯೂ ಇಲ್ಲ. 30 ಗ್ರಾಂ ರಾಗಿ ಹಿಟ್ಟಿನ ಗಂಜಿ ಅಷ್ಟನ್ನು ಕೊಟ್ಟೇ ಕೊಡುತ್ತದೆ. ಬಾಟ್ಲಿಯಲ್ಲಿ ಪ್ರೋಟೀನ್ ಸೊನ್ನೆ. ವಾಂತಿಯಾಗಿ ನೀರೂ ನಿಲ್ಲದವರಿಗೆ ಡ್ರಿಪ್ ಬೇಕು, ಸರಿ. ಬಾಯಲ್ಲಿ ಕುಡಿಯಬಲ್ಲವರು ಅದಕ್ಕೆ ದುಡ್ಡು ಸುರಿಯುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ತಟ್ಟೆ ತುಂಬ ಬಡಿಸಬೇಡಿ, ಎರಡು ಗಂಟೆಗೊಮ್ಮೆ ಅರ್ಧ ಲೋಟ ಸಾಕು: ಮಜ್ಜಿಗೆ ಬೆರೆಸಿದ ಗಂಜಿ, ಹೆಸರುಬೇಳೆ ಕಟ್ಟು, ಮೆತ್ತಗಿನ ಅನ್ನ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್. ತಿನ್ನದವರಿಗೆ ಚಳ್ಳಕೆರೆ ಸೀಮೆಯ ಶೇಂಗಾ ಒಂದು ಹಿಡಿ, ಪುಡಿ ಮಾಡಿ ಗಂಜಿಗೆ ಹಾಕಿದರೆ 7 ಗ್ರಾಂ.

ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಇನ್ನೂ ಹುಷಾರಾಗಿರಬೇಕು. ಸೋಂಕು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವುದರಿಂದ ಊಟ ಕಮ್ಮಿಯಾದರೂ ಶುಗರ್ ಏರುತ್ತದೆ. ‘ಉಂಡಿಲ್ಲವಲ್ಲ’ ಎಂದು ಇನ್ಸುಲಿನ್ ಪೂರ್ತಿ ಬಿಟ್ಟರೆ ಕೊಬ್ಬು ಕರಗಿ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರಿ ಐಸಿಯು ಸೇರಬೇಕಾದೀತು. ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುವವರು, ಊಟ ನೀರು ಸೇರದಿದ್ದರೆ, ಅದನ್ನು ನಿಲ್ಲಿಸಬೇಕೇ ಎಂದು ಅವತ್ತೇ ವೈದ್ಯರನ್ನು ಕೇಳಬೇಕು. ಆ ಮಾತ್ರೆಯಲ್ಲಿ ಶುಗರ್ ಹೆಚ್ಚೇನೂ ಏರದೆಯೂ ಕೀಟೋನ್ ಏರಬಹುದು.

ಪ್ಯಾರಾಸಿಟಮಾಲ್ ದೊಡ್ಡವರಿಗೆ 650 ಮಿ.ಗ್ರಾಂ, ಆರು ಗಂಟೆಗೊಮ್ಮೆ. ನೆಗಡಿಯ ಮಾತ್ರೆಗಳಲ್ಲೂ ಅದೇ ಸೇರಿರುತ್ತದೆ, ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಫ್ಲೂ ವೈರಸ್ಸಿನ ಮದ್ದು ಒಸೆಲ್ಟಮಿವಿರ್ ಚೆನ್ನಾಗಿ ಕೆಲಸ ಮಾಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ಗರ್ಭಿಣಿಯರು, ವಯಸ್ಸಾದವರು, ಹೃದಯ ಶ್ವಾಸಕೋಶದ ತೊಂದರೆ ಇದ್ದವರು ಕಾಯುತ್ತ ಕೂರಬಾರದು.

ನಾವು ವೈದ್ಯರು ಹೆಚ್ಚು ಹೆದರುವುದು ಎರಡನೇ ಜ್ವರಕ್ಕೆ. ಮೂರು-ನಾಲ್ಕು ದಿನಕ್ಕೆ ಇಳಿದು, ಒಂದೆರಡು ದಿನ ಹಗುರವಾಗಿ, ಮತ್ತೆ ಚಳಿಯೊಂದಿಗೆ ಏರುವ ಜ್ವರ ಅದು. ವೈರಸ್ ವಿರುದ್ಧ ನಿಂತ ಇಂಟರ್‌ಫೆರಾನೇ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ನುಂಗುವ ಕೋಶಗಳನ್ನು ಮಂಕಾಗಿಸುತ್ತದೆ. ಒಳಪದರ ಕಿತ್ತುಹೋದ ಜಾಗಕ್ಕೆ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಂದು ಕೂರುತ್ತದೆ. 1918ರ ಫ್ಲೂ ಮಹಾಮಾರಿಯಲ್ಲಿ ಬಹುಪಾಲು ಸಾವು ಆದದ್ದು ಇಂಥ ನ್ಯುಮೋನಿಯಾದಿಂದಲೇ. ತುಕ್ಕುಬಣ್ಣದ ಕಫ, ಉಸಿರೆಳೆದರೆ ಎದೆ ಚುಚ್ಚುವುದು, ನಿಮಿಷಕ್ಕೆ 24 ದಾಟಿದ ಉಸಿರಾಟ, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕಮ್ಮಿ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ.