ಶಿರಡಿ ದಾರಿಯಲ್ಲಿ ಒಂದು ಜಪಾನಿ ಟ್ಯಾಂಕ್

ವಿಜಯಪುರದ ಕಡೆಯಿಂದ ಶಿರಡಿಗೆ ಹೋಗುವವರು ಅಹ್ಮದ್‌ನಗರ ದಾಟಿಯೇ ಹೋಗಬೇಕು. ಈಗ ಅದರ ಹೆಸರು ಅಹಿಲ್ಯಾನಗರ. ಅಲ್ಲಿನ ಸೇನೆಯ ಟ್ಯಾಂಕ್ ಮ್ಯೂಸಿಯಂಗೆ ಹೋಗೋಣ ಅಂದರೆ ಭಾವ ಸುಲಭಕ್ಕೆ ಒಪ್ಪಲಿಲ್ಲ. ಒಳಗೆ ಕಾಲಿಟ್ಟ ಮೇಲೆ 1965ರ ಯುದ್ಧದ ಪ್ಯಾಟನ್ ಟ್ಯಾಂಕ್ ಬಿಟ್ಟು ಕದಲಲೂ ಇಲ್ಲ!

ನನಗೆ ಬೇಕಾಗಿದ್ದು ಹಾ-ಗೋ. ಜಪಾನಿನ ಟೈಪ್ 95 ಲಘು ಟ್ಯಾಂಕ್. ಅವರ ಪಂಚಾಂಗದ 2595ನೇ ವರ್ಷ, ಅಂದರೆ ನಮ್ಮ 1935, ಅದಕ್ಕೇ 95. ತೂಕ ಬರೀ 7.4 ಟನ್. ಉಕ್ಕಿನ ಕವಚ ಎಲ್ಲೂ 12 ಮಿಲಿಮೀಟರ್ ದಾಟುವುದಿಲ್ಲ, ಬೆರಳಿನಷ್ಟೂ ದಪ್ಪ ಇಲ್ಲ ಅನ್ನಿ. ಆದರೆ ಗಾಳಿಯಿಂದಲೇ ತಣ್ಣಗಾಗುವ 120 ಅಶ್ವಶಕ್ತಿಯ ಮಿತ್ಸುಬಿಷಿ ಡೀಸೆಲ್ ಎಂಜಿನ್ ಇತ್ತು. ಚೀನಾದ ಈಶಾನ್ಯಕ್ಕಿರುವ ಮಂಚೂರಿಯಾದ ಚಳಿಯಲ್ಲಿ ರೇಡಿಯೇಟರ್ ನೀರು ಹೆಪ್ಪುಗಟ್ಟುವ ಗೋಳಿಲ್ಲ. ಪೆಟ್ರೋಲಿನಷ್ಟು ಬೇಗ ಬೆಂಕಿಯೂ ಹತ್ತುವುದಿಲ್ಲ. ರಸ್ತೆಯಲ್ಲಿ ಗಂಟೆಗೆ 45 ಕಿಲೋಮೀಟರ್ ಓಡುತ್ತಿತ್ತು. ಆ ಕಾಲಕ್ಕೆ ಚೆನ್ನಾಗೇ ಇತ್ತು.

ನಾನು ಜಾಸ್ತಿ ಹೊತ್ತು ಬಗ್ಗಿ ನೋಡಿದ್ದು ಗಾಲಿಗಳನ್ನು. ಪಕ್ಕಕ್ಕೆ ನಾಲ್ಕು ದೊಡ್ಡ ಗಾಲಿ, ಎರಡೆರಡರ ಜೋಡಿ. ನಡುವೆ ಅಡ್ಡಡ್ಡ ಮಲಗಿಸಿದ ಕೊಳವೆ, ಅದರೊಳಗೆ ಸ್ಪ್ರಿಂಗು. ತೋಮಿಯೊ ಹಾರಾ ಅನ್ನುವ ಎಂಜಿನಿಯರ್ ಮಾಡಿದ ವಿನ್ಯಾಸ. ಎಲ್ಲ ಕಡೆ ಸರಿಯಾಗಿದ್ದದ್ದು ಮಂಚೂರಿಯಾದ ಕಾವೊಲಿಯಾಂಗ್ ಹೊಲದಲ್ಲಿ ಕೈಕೊಟ್ಟಿತು. ಕಾವೊಲಿಯಾಂಗ್ ಅಂದರೆ ಮತ್ತೇನಲ್ಲ, ಜೋಳವೇ. ಸಾಲಿನಿಂದ ಸಾಲಿಗೆ ಇದ್ದ ಅಂತರ ಗಾಲಿಗಳ ಅಂತರಕ್ಕೆ ತಾಳೆಯಾಗಿ, ಟ್ಯಾಂಕ್ ಮುಂದಕ್ಕೆ ಹಿಂದಕ್ಕೆ ವಿಪರೀತ ತೂಗಾಡುತ್ತಿತ್ತಂತೆ. ಕೊನೆಗೆ ಅಲ್ಲಿಗೆ ಕಳಿಸುವ ಟ್ಯಾಂಕುಗಳಿಗೆ ಪ್ರತಿ ಜೋಡಿಯ ನಡುವೆ ಒಂದು ಪುಟ್ಟ ಗಾಲಿ ಸೇರಿಸಿದರು. ಜೋಳದ ಹೊಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

"ಇದರೊಳಗ ಮೂರು ಮಂದಿ ಹೆಂಗ ಕೂಡತಿದ್ರೋ?" ಅಂದರು ಭಾವ, ಕೊನೆಗೂ ಪ್ಯಾಟನ್ ಬಿಟ್ಟು ಬಂದು. ಕೆಳಗೆ ಬಲಕ್ಕೆ ಚಾಲಕ, ಎಡಕ್ಕೆ ಮೆಷಿನ್‌ಗನ್ನಿನವನು. ಮೇಲಿನ ಗೋಪುರದಲ್ಲಿ ಕಮಾಂಡರ್ ಒಬ್ಬನೇ. ಶತ್ರುವನ್ನು ಹುಡುಕುವುದು, 37 ಮಿಲಿಮೀಟರ್ ತೋಪಿಗೆ ಗುಂಡು ತುಂಬುವುದು, ಗುರಿ ಹಿಡಿಯುವುದು, ಹಾರಿಸುವುದು, ಎಲ್ಲ ಅವನದೇ. ಗೋಪುರದ ಹಿಂಬದಿಗಿದ್ದ ಮೆಷಿನ್‌ಗನ್ ಬೇಕಾದರೆ ಗೋಪುರವನ್ನೇ ತಿರುಗಿಸಬೇಕು. ಬಿಸಿಲಿಗೆ ಒಳಗೆ ಬೇಯದಿರಲಿ ಅಂತ ಆಸ್ಬೆಸ್ಟಾಸ್ ಹೊದಿಕೆ ಹಾಕಿದ್ದರು. ನನ್ನ ಪ್ರಕಾರ ಇದರ ದೊಡ್ಡ ಕೊರತೆ ತೆಳು ಕವಚಕ್ಕಿಂತ ಆ ಒಂಟಿ ಕಮಾಂಡರನೇ. ಇಂಥವನ್ನು 2,000ಕ್ಕೂ ಹೆಚ್ಚು ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ನಮ್ಮ ಇಂಫಾಲದವರೆಗೂ ತಂದರು.