ಕಂದಾಯ ಯಾರು ಕಟ್ಟಬೇಕು?

"ಹಾಗಾದರೆ ಕಂದಾಯ ಯಾರು ಕಟ್ಟಬೇಕು ಸ್ವಾಮಿ?"

"ನೀವೇ ಅಮ್ಮ. ಜಮೀನು ನಿಮ್ಮ ಹೆಸರಿನಲ್ಲೇ ಇರುತ್ತದಲ್ಲ."

ಮಂಗಳವಾರ ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ನಮ್ಮ ದೊಡ್ಡಮ್ಮನಿಗೂ ವಿದ್ಯುತ್ ಪ್ರಸರಣ ಸಂಸ್ಥೆಯ ಎಂಜಿನಿಯರಿಗೂ ನಡೆದ ಮಾತಿನ ಕೊನೆಯ ಭಾಗ ಇದು. ಅಂದಿನಿಂದ ಯಾವ ಕೆಲಸಕ್ಕೆ ಕೂತರೂ ಈ ಪ್ರಶ್ನೆ, ಈ ಉತ್ತರ ಕಿವಿಯಲ್ಲಿ ಕೇಳುತ್ತಲೇ ಇವೆ.

ತುಮಕೂರು ಜಿಲ್ಲೆಯ ನಮ್ಮ ಊರಿನ ತೋಟಗಳ ಮೇಲೆ 220 ಕಿಲೋವೋಲ್ಟ್ (ಕೆ.ವಿ.) ವಿದ್ಯುತ್ ಮಾರ್ಗ ಹಾದುಹೋಗಲಿದೆ. ಟವರುಗಳಿಗೆ ಗುರುತು ಹಾಕಿ ಆಗಿದೆ, ಪರಿಹಾರದ ದರ ಮಾತನಾಡಲು ರೈತರನ್ನು ಕರೆದಿದ್ದರು. ದೊಡ್ಡಪ್ಪ ಹೋದ ಮೇಲೆ ತೋಟ ಪೌತಿ ಖಾತೆಯಾಗಿ ದೊಡ್ಡಮ್ಮನ ಹೆಸರಿಗೆ ಬಂದಿದೆ. ಮಗ ದೂರದಲ್ಲಿದ್ದಾನೆ. ಕಾಗದಪತ್ರ ಓದಲು ಒಬ್ಬರು ಜೊತೆಗಿರಲಿ ಎಂದು ನಾನು ಹೋಗಿದ್ದೆ. ಓದಿದ್ದು ನಾನು, ಆದರೆ ಕೇಳಬೇಕಾದ್ದನ್ನೆಲ್ಲ ಕೇಳಿದವರು ಅವರು.

ಎಂಜಿನಿಯರು ಮಾತು ಆರಂಭಿಸಿದ್ದೇ ಸಮಾಧಾನ ಹೇಳುವುದರಿಂದ. "ಯಾರೂ ಗಾಬರಿಯಾಗಬೇಡಿ. ನಿಮ್ಮ ಭೂಮಿಯನ್ನು ನಾವು ತೆಗೆದುಕೊಳ್ಳುತ್ತಿಲ್ಲ. ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ." ದೊಡ್ಡಮ್ಮ ಕೂತಲ್ಲಿಂದಲೇ ಕೇಳಿದರು: "ತೆಂಗಿನ ಮರ ಇರಬಹುದೇ?" ತಂತಿಯ ಕೆಳಗಿನ ಪಟ್ಟಿಯಲ್ಲಿ ಇರುವಂತಿಲ್ಲ ಎಂದರು. ಕಡಿದ ಜಾಗದಲ್ಲಿ ಸಸಿ ಇಡಬಹುದೇ? ತೆಂಗು, ಅಡಿಕೆ ಆಗುವುದಿಲ್ಲ, ರಾಗಿ ಬೆಳೆಯಬಹುದು. ಮೊಮ್ಮಗ ಬಂದು ಮನೆ ಕಟ್ಟಿಕೊಳ್ಳುತ್ತೇನೆ ಎಂದರೆ? ಆ ಪಟ್ಟಿಯಲ್ಲಿ ಕಟ್ಟಡಕ್ಕೆ ಅವಕಾಶವಿಲ್ಲ. ಮಾರಬಹುದೇ? ಧಾರಾಳವಾಗಿ ಮಾರಬಹುದು. "ಯಾರು ಕೊಳ್ಳುತ್ತಾರೆ?" ಇದಕ್ಕೆ ಅವರು ಉತ್ತರ ಹೇಳಲಿಲ್ಲ, ಕಡತದ ಹಾಳೆ ತಿರುವಿದರು. ಆಮೇಲೆ ಬಂದದ್ದು ಕಂದಾಯದ ಪ್ರಶ್ನೆ.

ಕಂದಾಯದ ಮೊತ್ತ ದೊಡ್ಡದೇನಲ್ಲ, ಅದನ್ನು ದೊಡ್ಡಮ್ಮ ಹಣದ ಚಿಂತೆಯಿಂದ ಕೇಳಿದ್ದೂ ಅಲ್ಲ. ಮರ ಬೆಳೆಸುವ ಹಕ್ಕು, ಮನೆ ಕಟ್ಟುವ ಹಕ್ಕು, ಒಳ್ಳೆಯ ಬೆಲೆಗೆ ಮಾರುವ ಅವಕಾಶ ಒಂದೊಂದಾಗಿ ಕೈಬಿಟ್ಟು ಹೋದ ಮೇಲೆ ತಮ್ಮ ಬಳಿ ಉಳಿದದ್ದೇನು ಎಂದು ಲೆಕ್ಕ ಹಾಕುತ್ತಿದ್ದರು. ಸರ್ಕಾರಕ್ಕೆ ಕಟ್ಟುವ ಹಣವೊಂದು ಮಾತ್ರ ಪೂರ್ತಿ ಅವರ ಪಾಲಿಗೆ ಉಳಿದಿತ್ತು.

ಎಂಜಿನಿಯರ ಬಗ್ಗೆ ನನಗೆ ಸಿಟ್ಟಿಲ್ಲ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಮೃದುವಾಗಿ ಮಾತನಾಡಿದರು, ಸುಳ್ಳು ಹೇಳಲಿಲ್ಲ. "ನೋಡೋಣ, ಮೇಲಿನವರಿಗೆ ಹೇಳುತ್ತೇವೆ" ಎಂದು ಆ ಕ್ಷಣವನ್ನು ಸುಲಭವಾಗಿ ದಾಟಬಹುದಿತ್ತು. ಹಾಗೆ ಮಾಡದೆ ಉತ್ತರ ಕೊಟ್ಟ ಪ್ರತಿ ಪ್ರಶ್ನೆಗೂ ಇರುವುದನ್ನು ಇರುವ ಹಾಗೆ ಹೇಳಿದರು. ನನ್ನ ಸಿಟ್ಟು ನಮ್ಮ ಊರಿನ ಮುಖಂಡರೊಬ್ಬರ ಮೇಲೆ. ತಡವಾಗಿ ಬಂದು, ರೈತ ದೇಶದ ಬೆನ್ನೆಲುಬು ಎಂದು ಭಾಷಣ ಮಾಡಿ, ದರ ಹೆಚ್ಚಿಸಿ ಎಂದು ಮೇಜು ಗುದ್ದಿ, ದೊಡ್ಡಮ್ಮ ಮಾತು ತೆಗೆಯುವ ಮೊದಲೇ ಎದ್ದು ಹೋದರು. ಅವರ ಜಮೀನು ಈ ಮಾರ್ಗದಿಂದ ದೂರವಿದೆ. ರೈತರ ಪರವಾಗಿ ಮಾತನಾಡುವವರು ರೈತರ ಮಾತು ಮುಗಿಯುವ ತನಕ ಕೂತಿರುವಷ್ಟು ತಾಳ್ಮೆಯನ್ನಾದರೂ ಇಟ್ಟುಕೊಳ್ಳಬೇಕು.

220 ಕೆ.ವಿ. ಮಾರ್ಗಕ್ಕೆ ಬಿಡಬೇಕಾದ ಪಟ್ಟಿಯ ಅಗಲ 35 ಮೀಟರ್. ದೊಡ್ಡಮ್ಮನ ಎರಡು ಎಕರೆಯ ತೋಟದಲ್ಲಿ ತಂತಿ ಸುಮಾರು 100 ಮೀಟರ್ ಉದ್ದ ಹಾಯುತ್ತದೆ. ಗುಣಿಸಿ ನೋಡಿದರೆ 3,500 ಚದರ ಮೀಟರ್, ಅಂದರೆ ಮೂವತ್ತನಾಲ್ಕು ಗುಂಟೆಗೂ ಸ್ವಲ್ಪ ಹೆಚ್ಚು. ಎರಡು ಎಕರೆಯಲ್ಲಿ ಎಂಬತ್ತು ಗುಂಟೆ. ಒಂದೇ ಒಂದು ಟವರ್ ಕಾಲೂ ಅವರ ನೆಲದಲ್ಲಿ ಊರುವುದಿಲ್ಲ, ಆದರೂ ಸುಮಾರು ನಲವತ್ತು ತೆಂಗಿನ ಮರಗಳು ಹೋಗುತ್ತವೆ. ಟವರ್ ಬರದ ಜಮೀನಿನವರು ಅದೃಷ್ಟವಂತರು ಎಂದು ಸಭೆಯಲ್ಲಿ ಯಾರೋ ಹೇಳಿದರು. ಅದು ತಪ್ಪು ಲೆಕ್ಕ. ಟವರ್ ನೆಲದ ಒಂದು ತುಂಡನ್ನು ಹಿಡಿಯುತ್ತದೆ, ತಂತಿ ತೋಟವನ್ನು ಉದ್ದಕ್ಕೂ ಸೀಳುತ್ತದೆ.

ಪರಿಹಾರದ ಲೆಕ್ಕಕ್ಕೂ ಒಂದು ಚರಿತ್ರೆಯಿದೆ. ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಟವರ್ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15. 2024ರ ಜೂನ್‌ನಲ್ಲಿ ಅದನ್ನು ಟವರಿಗೆ ಶೇ 200, ಪಟ್ಟಿಗೆ ಶೇ 30 ಎಂದು ಏರಿಸಿದರು. ರಾಜ್ಯಗಳು ಇದನ್ನೇ ಇಡಿಯಾಗಿ ಒಪ್ಪಿಕೊಳ್ಳಬಹುದು, ಇಲ್ಲವೇ ತಮ್ಮದೇ ಮಾಡಿಕೊಳ್ಳಬಹುದು. ಮರಗಳಿಗೆ, ಬೆಳೆಗೆ ಬೇರೆ ಲೆಕ್ಕ. ಏರಿಕೆ ಒಳ್ಳೆಯದೇ, ಅದಕ್ಕಾಗಿ ದುಡಿದವರಿಗೆ ನಮಸ್ಕಾರ. ಆದರೆ ಭೂಮಿಯ ಬೆಲೆಯನ್ನು ನೋಂದಣಿಗೆಂದು ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರದ ಮೇಲೆ ಹಿಡಿದರೆ, ಸಂತೆಯಲ್ಲಿ ನಡೆಯುವ ಬೆಲೆಗೂ ಅದಕ್ಕೂ ಎಷ್ಟು ಅಂತರವಿರುತ್ತದೆ ಎಂಬುದು ಜಮೀನು ಕೊಂಡು ಮಾರಿದವರಿಗೆಲ್ಲ ಗೊತ್ತು.

ದರಕ್ಕಿಂತಲೂ ನನ್ನನ್ನು ಕಲಕಿದ್ದು ಈ ಅಧಿಕಾರ ಹುಟ್ಟಿದ ಜಾಗ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ, ಸರ್ಕಾರವು ಆದೇಶ ಹೊರಡಿಸಿ ಪ್ರಸರಣ ಸಂಸ್ಥೆಗೆ ಟೆಲಿಗ್ರಾಫ್ ಪ್ರಾಧಿಕಾರದ ಅಧಿಕಾರ ಕೊಡಬಹುದು ಎನ್ನುತ್ತದೆ. ಆ ಅಧಿಕಾರ ಬರೆದಿರುವುದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯಲ್ಲಿ. ಖಾಸಗಿ ಜಮೀನಿನ ಮೇಲೆ ತಂತಿ ಎಳೆಯಬಹುದು, ಕಂಬ ನೆಡಬಹುದು, ಭೂಮಿ ಮಾತ್ರ ಮಾಲೀಕನದಾಗಿಯೇ ಇರುತ್ತದೆ, ಸಂಸ್ಥೆಗೆ ಸಿಗುವುದು ಬಳಕೆಯ ಹಕ್ಕು. ಮಾಲೀಕ ಅಡ್ಡ ನಿಂತರೆ ಜಿಲ್ಲಾಧಿಕಾರಿ ಆದೇಶ ಕೊಡುತ್ತಾರೆ. ಪರಿಹಾರ ಸಾಲದು ಎನಿಸಿದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬೇಕು. ಈ ಅಧಿಕಾರವಿದ್ದಾಗ ಮಾಲೀಕನ ಪೂರ್ವಾನುಮತಿ ಬೇಕಿಲ್ಲ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

1885ರಲ್ಲಿ ಹೊಲದ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು ಟೆಲಿಗ್ರಾಫ್ ತಂತಿ ಎಳೆದರೆ ರೈತನ ನೆಲ ಹೆಚ್ಚು ಕಡಿಮೆ ಅವನದಾಗಿಯೇ ಉಳಿಯುತ್ತಿತ್ತು. ಅದರ ಕೆಳಗೆ ಮರ ಬೆಳೆಯುತ್ತಿತ್ತು, ದನ ಮೇಯುತ್ತಿತ್ತು, ಮನೆ ಇರುತ್ತಿತ್ತು. "ಭೂಮಿ ನಿಮ್ಮದೇ" ಎಂಬ ಮಾತಿನಲ್ಲಿ ಆಗ ಸತ್ಯವಿತ್ತು. ಅದೇ ವಾಕ್ಯವನ್ನು ಎತ್ತಿ 35 ಮೀಟರ್ ಅಗಲದ, 220 ಕೆ.ವಿ.ಯ ಮಾರ್ಗಕ್ಕೆ ಹೊಂದಿಸಿದ್ದಾರೆ. ಎಂಜಿನಿಯರು ದೊಡ್ಡಮ್ಮನಿಗೆ ಹೇಳಿದ ಸಮಾಧಾನದ ಮಾತು ಅವರದಲ್ಲ, ಅದು ನೂರಾ ನಲವತ್ತು ವರ್ಷ ಹಳೆಯದು.

ವಿದ್ಯುತ್ ಸ್ಥಾವರಗಳ ವಿಷಯದಲ್ಲಿ ಜನಕ್ಕೆ ಒಂದು ಮೆಟ್ಟಿಲಾದರೂ ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಉಷ್ಣ ಸ್ಥಾವರಕ್ಕೂ ಜಲವಿದ್ಯುತ್ ಯೋಜನೆಗೂ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಕಲಾಪದ ವಿಡಿಯೊ ಚಿತ್ರೀಕರಣವಾಗಬೇಕು. ನೀರನ್ನು ಮೇಲಕ್ಕೆತ್ತಿ ಮತ್ತೆ ಹರಿಸಿ ವಿದ್ಯುತ್ ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪೆಯಲ್ಲಿ ಅಂಥ ಸಭೆಗಳು ನಡೆದವು, ಜನ ತುಂಬಿ ಬಂದು ತಮ್ಮ ವಿರೋಧವನ್ನು ದಾಖಲಿಸಿದರು. ಮೈಸೂರಿನ ಬಳಿಯ ಚಾಮಲಾಪುರದ ಉಷ್ಣ ಸ್ಥಾವರವನ್ನು ಕೈಬಿಟ್ಟದ್ದು ಅಲ್ಲಿನ ರೈತರು ಪಟ್ಟು ಹಿಡಿದದ್ದರಿಂದ. ಸಭೆ ನಡೆದ ಮಾತ್ರಕ್ಕೆ ಮಾತು ನಡೆಯುತ್ತದೆ ಎಂದೇನಿಲ್ಲ, ಆದರೆ ಬೇಡ ಎನ್ನಲು ಒಂದು ದಿನ, ಒಂದು ಜಾಗ, ಒಂದು ಕಡತ ಇರುತ್ತದೆ.

ಆ ಅಧಿಸೂಚನೆಯ ಪಟ್ಟಿಯಲ್ಲಿ ಪ್ರಸರಣ ಮಾರ್ಗಗಳು ಇಲ್ಲವೇ ಇಲ್ಲ. ಕಾಡಿನ ಮೂಲಕ ಹೋದರೆ 1980ರ ಅರಣ್ಯ ಕಾಯ್ದೆಯ ಅನುಮತಿ ಬೇಕು, ಅಷ್ಟೇ. ಅದಿದ್ದೂ ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಮಾರ್ಗಕ್ಕಾಗಿ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದವು. ಕಾಡಿನ ಮರ ಕಡಿಯುವ ಮೊದಲು ಕಡತವೊಂದು ದೆಹಲಿಯ ತನಕ ಹೋಗಬಹುದು. ದೊಡ್ಡಪ್ಪ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ತೆಂಗಿಗೆ ತೋಟಗಾರಿಕೆ ಇಲಾಖೆಯವರು ಬಂದು ಬೆಲೆ ಕಟ್ಟುತ್ತಾರೆ. ಕಡಿಯಬೇಕೇ ಎಂಬ ಪ್ರಶ್ನೆಯನ್ನು ಯಾರೂ, ಎಲ್ಲಿಯೂ ಕೇಳುವುದಿಲ್ಲ.

ಸಭೆಯಲ್ಲಿ ಇನ್ನೊಬ್ಬ ರೈತರು ಇದನ್ನೇ ಬೇರೆ ರೀತಿ ಕೇಳಿದರು. ಊರಿನ ಪಡುವಣಕ್ಕೆ ಗೋಮಾಳವಿದೆ, ಕಲ್ಲು ನೆಲ, ಒಂದು ತೆಂಗೂ ಇಲ್ಲ, ಮಾರ್ಗವನ್ನು ಅತ್ತ ಯಾಕೆ ಒಯ್ಯಲಿಲ್ಲ? ತಿರುವು ಕೊಟ್ಟ ಕಡೆಯಲ್ಲೆಲ್ಲ ನೇರ ಸಾಲಿನ ಟವರಿಗಿಂತ ಭಾರವಾದ ಟವರ್ ಬೇಕು, ಖರ್ಚು ಏರುತ್ತದೆ ಎಂದು ಎಂಜಿನಿಯರು ವಿವರಿಸಿದರು. ಅದು ನಿಜವಾದ ಕಾರಣ, ತಳ್ಳಿಹಾಕುವಂಥದ್ದಲ್ಲ. ಆಮೇಲೆ ಸೇರಿಸಿದರು: "ಮಾರ್ಗ ಈಗಾಗಲೇ ಅಂತಿಮವಾಗಿದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಎರಡು ತಿಂಗಳ ಕಾಲಾವಕಾಶ ಇಟ್ಟಿದ್ದೆವು, ಆಕ್ಷೇಪಣೆ ಬರಲಿಲ್ಲ." ಆ ಪ್ರಕಟಣೆಯ ಪ್ರತಿಯನ್ನು ಕೇಳಿ ಪಡೆದು ನೋಡಿದೆ. ಸಣ್ಣ ಅಕ್ಷರದಲ್ಲಿ ಊರುಗಳ ಹೆಸರಿನ ಸಾಲು, ಅಲ್ಪವಿರಾಮದ ನಂತರ ಅಲ್ಪವಿರಾಮ. ಸರ್ವೆ ನಂಬರಿಲ್ಲ, ನಕ್ಷೆಯಿಲ್ಲ. ನಮ್ಮ ಊರಿನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ. ಊರಿನ ಹೆಸರು ಕಂಡ ಮಾತ್ರಕ್ಕೆ ತಂತಿ ತನ್ನ ತೋಟದ ಮೇಲೆ ಬರುತ್ತದೆ ಎಂದು ಯಾವ ರೈತನಿಗೆ ಹೊಳೆಯಬೇಕು?

ನಾನು ವಿದ್ಯುತ್ ಮಾರ್ಗಗಳ ವಿರೋಧಿಯಲ್ಲ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಅಲ್ಲಿನ ವಿದ್ಯುತ್ತು ತಂತಿಯಿಲ್ಲದೆ ಹೊರಗೆ ಬರಲಾರದು. ಬೇಸಿಗೆಯಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರಲಿಲ್ಲವೆಂದು ಕಚೇರಿಗೆ ಮುತ್ತಿಗೆ ಹಾಕುವವರೂ ನಾವೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದದ್ದನ್ನು ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ. ಆ ಹೆಮ್ಮೆ ನನಗೆ ಈಗಲೂ ಇದೆ. ಆದರೆ ಆ ತಂತಿ ಯಾರ ಯಾರ ಹೊಲದ ಮೇಲೆ ಹಾದು ಹೋಯಿತು, ಅವರಿಗೆ ಏನು ಹೇಳಿದರು ಎಂಬುದು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ.

ಪಾವಗಡವನ್ನೇ ನೋಡಿ. ಅಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಒಪ್ಪಂದ. ಅಲ್ಲಿಯೂ ಕೊರತೆಗಳಿವೆ, ನೆಲವಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಆದರೆ ನೆಲ ಬಳಸುವಷ್ಟು ಕಾಲವೂ ಅದರ ಒಡೆಯನಿಗೆ ಹಣ ಬರಬೇಕು ಎಂಬ ತತ್ವವನ್ನು ಅಲ್ಲಿ ಒಪ್ಪಿಕೊಂಡಿದ್ದಾರೆ. ಸೂರ್ಯನ ಬೆಳಕು ಬೀಳುವ ನೆಲಕ್ಕೆ ವರ್ಷ ವರ್ಷವೂ ಬಾಡಿಗೆ, ಆ ಬೆಳಕಿನ ವಿದ್ಯುತ್ತನ್ನು ಸಾಗಿಸುವ ತಂತಿಯ ಕೆಳಗಿನ ನೆಲಕ್ಕೆ ಒಂದೇ ಸಲದ ಚೆಕ್ಕು. ಒಂದೇ ಜಿಲ್ಲೆಯಲ್ಲಿ, ಒಂದೇ ವಿದ್ಯುತ್ತಿಗೆ ಈ ಎರಡು ನ್ಯಾಯ ಯಾಕೆ ಎಂದು ಕೇಳಿದರೆ ಉತ್ತರಿಸಲು ಆ ಸಭೆಯಲ್ಲಿ ಯಾರಿಗೂ ಅಧಿಕಾರವಿರಲಿಲ್ಲ. ತಂತಿಯಲ್ಲಿ ವಿದ್ಯುತ್ತು ಹರಿಯುವಷ್ಟು ವರ್ಷವೂ ಪಟ್ಟಿಯ ಒಡೆಯರಿಗೆ ಬಾಡಿಗೆ ಬರಲಿ. ಆಗ ದೊಡ್ಡಮ್ಮ ಸಂತೋಷದಿಂದಲೇ ಕಂದಾಯ ಕಟ್ಟುತ್ತಾರೆ.

ಅದಕ್ಕೂ ಮೊದಲು ಆಗಬೇಕಾದ್ದು ಮಾರ್ಗದ ಮಾತು. ದರದ ಸಭೆಗೆ ಕರೆದ ಹಾಗೆಯೇ ಮಾರ್ಗದ ಸಭೆಗೂ ಕರೆಯಲಿ, ಗ್ರಾಮ ಪಂಚಾಯಿತಿಯ ಗೋಡೆಗೆ ಸರ್ವೆ ನಂಬರಿರುವ ನಕ್ಷೆ ಅಂಟಿಸಲಿ. ಗೋಮಾಳ ಎಲ್ಲಿದೆ, ಕೆರೆಯ ಕೋಡಿ ಎಲ್ಲಿ ಹರಿಯುತ್ತದೆ, ಯಾರ ತೋಟ ಮೊನ್ನೆ ಮೊನ್ನೆ ಫಲಕ್ಕೆ ಬಂದಿದೆ ಎಂಬುದು ಊರಿನವರಿಗೆ ಗೊತ್ತಿರುವಷ್ಟು ಉಪಗ್ರಹದ ಚಿತ್ರಕ್ಕೆ ಗೊತ್ತಿರುವುದಿಲ್ಲ. ಊರವರು ಮಾರ್ಗವನ್ನೇ ಬೇಡ ಎಂದುಬಿಟ್ಟರೆ ಎಂಬ ಭಯ ಅಧಿಕಾರಿಗಳಿಗಿದೆ. ಮಂಗಳವಾರ ಅಲ್ಲಿ ಕೂತಿದ್ದವರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಎಲ್ಲಿ ಹೋಗಬೇಕು ಎಂದಷ್ಟೇ ಕೇಳಿದರು.

ಅಂದು ಸಂಜೆ ದೊಡ್ಡಮ್ಮನ ಜೊತೆ ತೋಟಕ್ಕೆ ಹೋದೆ. ಕಡಿಯಬೇಕಾದ ಮರಗಳ ಕಾಂಡಕ್ಕೆ ಎದೆಮಟ್ಟದಲ್ಲಿ ಕೆಂಪು ಬಣ್ಣದಿಂದ ನಂಬರು ಬರೆದಿದ್ದಾರೆ. ಹದಿನೇಳನೆಯ ಮರದಲ್ಲಿ ಹೊಂಬಾಳೆ ಅರ್ಧ ಬಿರಿದಿತ್ತು. ಅದರ ಪಕ್ಕದ ಎರಡು ಸಸಿಗಳಿಗೆ ನಂಬರೇ ಇರಲಿಲ್ಲ. ಇನ್ನೂ ಫಲಕ್ಕೆ ಬಾರದವನ್ನು ಎಣಿಕೆಗೆ ಹಿಡಿದಿಲ್ಲ. ಫಲಕ್ಕೆ ಬರಲು ಆರೇಳು ವರ್ಷ ಬೇಕು, ಬಂದ ಮೇಲೆ ಐವತ್ತು ಅರವತ್ತು ವರ್ಷ ಕೊಡುತ್ತದೆ. ದೊಡ್ಡಮ್ಮ ಆ ಸಸಿಗಳ ಪಾತಿಯಲ್ಲಿ ಬಿದ್ದಿದ್ದ ಗರಿಗಳನ್ನು ಎತ್ತಿ ಬದಿಗೆ ಹಾಕುತ್ತಾ, "ಇವನ್ನೂ ಬರೆಸು" ಎಂದರು.

ಬರೆದಿದ್ದೇನೆ. ಸಸಿಗಳನ್ನೂ ಸೇರಿಸಿ ಜಂಟಿ ಸ್ಥಳ ಪರಿಶೀಲನೆ ಮಾಡಬೇಕು, ಗೋಮಾಳದ ಕಡೆಯ ಮಾರ್ಗಕ್ಕೆ ತಗಲುವ ಖರ್ಚನ್ನು ಲಿಖಿತವಾಗಿ ತಿಳಿಸಬೇಕು ಎಂದು ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದಿದ್ದೇವೆ. ನಮ್ಮ ಊರಿನಲ್ಲಿ ಮಾರ್ಗ ಬದಲಾಗುವ ಭರವಸೆ ಹೆಚ್ಚಿಲ್ಲ. ಮುಂದಿನ ಮೂರು ಊರುಗಳಲ್ಲಿ ಟವರಿಗೆ ಇನ್ನೂ ಗುಂಡಿ ತೆಗೆದಿಲ್ಲ. ಪ್ರಕಟಣೆಯ ಪ್ರತಿ ಹಿಡಿದುಕೊಂಡು ಭಾನುವಾರ ಅಲ್ಲಿಗೆ ಹೋಗುತ್ತಿದ್ದೇವೆ, ದೊಡ್ಡಮ್ಮನೂ ಬರುತ್ತಾರೆ. ಗ್ರಾಮ ನಕ್ಷೆಯನ್ನು ತೆಗೆಸಿ ಇಟ್ಟುಕೊಂಡಿದ್ದೇವೆ ಎಂದು ಆ ಊರುಗಳಲ್ಲೊಂದರಿಂದ ಇವತ್ತು ಬೆಳಿಗ್ಗೆ ಫೋನ್ ಬಂತು.