ಸ್ಟ್ರಾಟ್‌ಫರ್ಡ್‌ನ ಹಳೇ ಗ್ರಾಮರ್ ಸ್ಕೂಲಿನಲ್ಲಿ ಅಪ್ಪನ ಜೊತೆ

ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. ಬರ್ಮಿಂಗ್‌ಹ್ಯಾಮ್‌ನ ನಮ್ಮ ಮನೆಗೆ ಅವರೂ ಅಮ್ಮನೂ ಬಂದಾಗ ಮೊದಲು ಕೇಳಿದ್ದೇ ಸ್ಟ್ರಾಟ್‌ಫರ್ಡ್. ಹೆನ್ಲಿ ಸ್ಟ್ರೀಟಿನಲ್ಲಿ ಶೇಕ್ಸ್‌ಪಿಯರ್ ಹುಟ್ಟಿದ ಮನೆ ನೋಡಿದೆವು. ಜನವೋ ಜನ. ಹೊರಗೆ ಬಂದ ತಕ್ಷಣ ಅಪ್ಪ, "ಹುಟ್ಟಿದ ಮನೆ ಆಯ್ತಲ್ಲ, ಅವನು ಓದಿದ ಶಾಲೆ ಎಲ್ಲೋ?" ಅಂದರು. ಮೇಷ್ಟ್ರು ಕೇಳೋ ಪ್ರಶ್ನೆ ಅದು. ಹತ್ತು ನಿಮಿಷ ನಡೆದರೆ ಸಿಗುತ್ತೆ, ಚರ್ಚ್ ಸ್ಟ್ರೀಟಿನಲ್ಲಿ.

ಮೂಲೆಯಲ್ಲಿ ಕಲ್ಲಿನ ಗಿಲ್ಡ್ ಚಾಪೆಲ್, ಅಂದರೆ ಸಣ್ಣ ಚರ್ಚು. ಅದಕ್ಕೆ ಅಂಟಿಕೊಂಡಂತೆ ರಸ್ತೆಯುದ್ದಕ್ಕೂ ಒಂದು ಮರದ ಕಟ್ಟಡ. ಕೆಳಗಿನ ಅಂತಸ್ತಿಗಿಂತ ಮೇಲಿನದು ರಸ್ತೆ ಕಡೆ ಸ್ವಲ್ಪ ಮುಂದೆ ಚಾಚಿದೆ. ಅದೇ ಗಿಲ್ಡ್‌ಹಾಲ್. ಕಟ್ಟಿದ್ದು 1420ರ ಆಸುಪಾಸಿನಲ್ಲಿ, ಅಂದರೆ ಶೇಕ್ಸ್‌ಪಿಯರ್ ಹುಟ್ಟುವ ಹೊತ್ತಿಗೇ ಅದು ಸುಮಾರು ನೂರೈವತ್ತು ವರ್ಷದ ಹಳೇ ಕಟ್ಟಡ! ಅದರ ಪಕ್ಕಕ್ಕೆ ಅದೇ ಥರದ ಸಾಲುಮನೆಗಳಿವೆ, ಊರಿನ ವಯಸ್ಸಾದವರಿಗೆ ಆಸರೆಯಾಗಿ ಕಟ್ಟಿದ್ದು. ಇವತ್ತಿಗೂ ಅಲ್ಲಿ ವಯಸ್ಸಾದವರೇ ಇದ್ದಾರೆ.

ಗೋಡೆ ಹತ್ತಿರ ಹೋಗಿ ನೋಡಿದೆವು. ಭಾರ ಹೊರೋದೆಲ್ಲ ಓಕ್ ಮರದ ಚೌಕಟ್ಟು. ಕಂಬಗಳನ್ನ ಒತ್ತೊತ್ತಾಗಿ ನಿಲ್ಲಿಸಿದ್ದಾರೆ, ಅಷ್ಟು ಮರ ಸುರಿಯೋಕೆ ಕೈಯಲ್ಲಿ ದುಡ್ಡು ಇರಬೇಕು. ಆ ಕಾಲದ ಬಡಗಿಗಳು ಓಕ್ ಮರವನ್ನ ಹಸಿಯಾಗಿದ್ದಾಗಲೇ ಕೊಯ್ದು ಜೋಡಿಸುತ್ತಿದ್ದರು, ಒಣಗಿದ ಮೇಲೆ ಅದು ಉಳಿಗೆ ಬಗ್ಗೋದಿಲ್ಲ. ಒಂದರೊಳಗೊಂದು ತೂರಿಸಿ, ತೂತು ಕೊರೆದು, ಮರದ ಗೂಟ ಹೊಡೆಯೋದು. ಮರ ನಿಂತಲ್ಲೇ ಒಣಗ್ತಾ ತಿರುಚಿಕೊಳ್ಳುತ್ತೆ, ಹಾಗಾಗಿ ಇಂಥ ಕಟ್ಟಡಗಳಲ್ಲಿ ಒಂದು ಗೆರೆಯೂ ನೆಟ್ಟಗಿರಲ್ಲ, ಆದರೆ ಹಿಡಿತ ಇನ್ನೂ ಬಿಗಿಯಾಗುತ್ತೆ. ಕಂಬಗಳ ನಡುವೆ ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿಯೋದು ಆ ಕಾಲದ ಕ್ರಮ. ಅದನ್ನ ವಿವರಿಸುತ್ತಿದ್ದಾಗ ಅಮ್ಮ, "ಇದು ನಮ್ಮ ಕಡೆ ತಡಿಕೆ ಗೋಡೆ ಅಲ್ವೇನೋ" ಅಂದರು. ನಿಜ, ಅದೇ. ಸಾಗರದ ಹತ್ತಿರ ಅಮ್ಮನ ತವರಿನ ಕೊಟ್ಟಿಗೆಗೂ ಹಾಗೇ ಬಿದಿರು ಹೆಣೆದು ಮಣ್ಣು ಮೆತ್ತಿದ್ದರು.

ಒಳಗೆ ಕೆಳಗಿನ ಹಾಲ್ ಉದ್ದವಾಗಿದೆ, ಮಾಡು ತಗ್ಗು. ಇದು ಹೋಲಿ ಕ್ರಾಸ್ ಗಿಲ್ಡ್‌ನವರ ಜಾಗ. ಗಿಲ್ಡ್ ಅಂದರೆ ಊರಿನ ವ್ಯಾಪಾರಿಗಳು, ಕಸುಬಿನವರು, ಹೆಂಗಸರೂ ಸೇರಿ ಕಟ್ಟಿಕೊಂಡ ಒಂದು ಧಾರ್ಮಿಕ ಸಂಘ. ತೀರಿಕೊಂಡ ಸದಸ್ಯರಿಗೆ ಪ್ರಾರ್ಥನೆ, ಕಷ್ಟದಲ್ಲಿದ್ದವರಿಗೆ ನೆರವು, ಎಲ್ಲರಿಗೂ ಹಬ್ಬದೂಟ. ಜೊತೆಗೆ ಮಕ್ಕಳಿಗೆ ಪಾಠ. 1427ರ ಹೊತ್ತಿಗೆ ಹಿಂದಿನ ಅಂಗಳದಲ್ಲಿ ಶಾಲೆಗೆ ಅಂತಲೇ ಒಂದು ಮರದ ಕಟ್ಟಡ ಕಟ್ಟಿದರು, ಅದೂ ಇನ್ನೂ ನಿಂತಿದೆ. 1482ರಲ್ಲಿ ಥಾಮಸ್ ಜಾಲಿಫ್ ಎಂಬ ಪಾದ್ರಿ ತನ್ನ ಜಮೀನು ಬಿಟ್ಟುಕೊಟ್ಟ. ಅದರ ಉತ್ಪನ್ನದಿಂದ ಒಬ್ಬ ಮೇಷ್ಟ್ರನ್ನ ಇಡಬೇಕು, ಅವರು ಬಂದ ಹುಡುಗರಿಗೆಲ್ಲ ಫೀಸಿಲ್ಲದೆ ವ್ಯಾಕರಣ ಕಲಿಸಬೇಕು, ಇಷ್ಟೇ ಷರತ್ತು. ಇದನ್ನ ಕೇಳಿ ಅಪ್ಪ ನಿಂತುಬಿಟ್ಟರು. ಅವರು ಮೊದಲು ಕೆಲಸಕ್ಕೆ ಸೇರಿದ ಹಳ್ಳಿ ಶಾಲೆಯೂ ಊರಿನವರೊಬ್ಬರು ಬಿಟ್ಟುಕೊಟ್ಟ ಜಾಗದಲ್ಲೇ ಇದ್ದದ್ದು. ಕೊಟ್ಟವರ ಹೆಸರನ್ನ ಅಪ್ಪ ಈಗಲೂ ಗೌರವದಿಂದ ಹೇಳುತ್ತಾರೆ.

ವ್ಯಾಕರಣ ಅಂದರೆ ಇಂಗ್ಲಿಷ್ ವ್ಯಾಕರಣ ಅಲ್ಲ, ಲ್ಯಾಟಿನ್. ಗ್ರಾಮರ್ ಸ್ಕೂಲ್ ಅನ್ನೋ ಹೆಸರು ಬಂದಿದ್ದೇ ಅದರಿಂದ.

1547ರಲ್ಲಿ ಇಂಥ ಧಾರ್ಮಿಕ ಸಂಘಗಳನ್ನೆಲ್ಲ ಸರ್ಕಾರ ಮುಚ್ಚಿ ಆಸ್ತಿ ಕಿತ್ತುಕೊಂಡಿತು. ಸ್ಟ್ರಾಟ್‌ಫರ್ಡ್‌ನ ಶಾಲೆ, ಆಸರೆ ಮನೆಗಳು ಎಲ್ಲ ತೂಗುಯ್ಯಾಲೆಯಲ್ಲಿ. ಊರಿನವರು ಬಿಡಲಿಲ್ಲ. 1553ರ ಜೂನ್‌ನಲ್ಲಿ ಆರನೇ ಎಡ್ವರ್ಡ್ ರಾಜನಿಂದ ಸನ್ನದು ಪಡೆದರು. ಊರಿಗೆ ತನ್ನದೇ ಆಡಳಿತ ಮಂಡಳಿ, ಗಿಲ್ಡ್‌ನ ಆಸ್ತಿ ವಾಪಸ್, ಶಾಲೆಯ ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್ ಸಂಬಳ, ಇರೋಕೆ ಮನೆ. ಆ ಕಾಲಕ್ಕೆ ಅದು ಒಳ್ಳೇ ಸಂಬಳ. ಜುಲೈ ಮೊದಲ ವಾರದಲ್ಲೇ ರಾಜ ತೀರಿಕೊಂಡ, ಇನ್ನೂ ಹದಿನೈದು ವರ್ಷದ ಹುಡುಗ. ಊರಿನವರು ಕೆಲವು ದಿನ ತಡ ಮಾಡಿದ್ದರೆ ಏನಾಗುತ್ತಿತ್ತೋ! ಶಾಲೆಗೆ ಅವನ ಹೆಸರೇ ಉಳಿಯಿತು, ಕಿಂಗ್ ಎಡ್ವರ್ಡ್ ದಿ ಸಿಕ್ಸ್ತ್ ಸ್ಕೂಲ್.

ಹೀಗೆ ಕೆಳಗಿನ ಹಾಲ್ ಪುರಸಭೆಯ ಕೈಗೆ ಬಂತು. ಮೀಟಿಂಗ್, ಕೋರ್ಟು, ಊರಿಗೆ ಬಂದ ನಾಟಕದವರ ಆಟ ಎಲ್ಲ ಅಲ್ಲೇ. ಶೇಕ್ಸ್‌ಪಿಯರ್‌ನ ಅಪ್ಪ ಜಾನ್ ಕೈಗವಸು ಮಾಡೋ ಕಸುಬಿನವನು, ಪುರಸಭೆಯಲ್ಲಿ ಮೇಲೇರಿ 1568ರಲ್ಲಿ ಬೇಲಿಫ್ ಆದ, ಅಂದರೆ ಊರಿನ ಅಧ್ಯಕ್ಷ. ಅವನ ಅವಧಿಯಲ್ಲೇ ಎರಡು ನಾಟಕ ಮಂಡಳಿ ಬಂದು ಆಡಿದವು. ಪುರಸಭೆಯ ಲೆಕ್ಕದಲ್ಲಿ ರಾಣಿಯ ಮಂಡಳಿಗೆ 9 ಶಿಲ್ಲಿಂಗ್, ವೂಸ್ಟರ್ ಅರ್ಲ್‌ನ ಮಂಡಳಿಗೆ 1 ಶಿಲ್ಲಿಂಗ್ ಕೊಟ್ಟಿದ್ದು ಇದೆ. ಮಗ ವಿಲಿಯಂಗೆ ಆಗ ಐದು ವರ್ಷದ ಆಸುಪಾಸು. ಅಪ್ಪನೇ ಅಧ್ಯಕ್ಷನಾಗಿದ್ದಾಗ ಆ ಹುಡುಗ ಮುಂದಿನ ಸಾಲಿನಲ್ಲಿ ಕೂತು ನೋಡಿರಬಹುದು ಅನ್ನೋದು ನನ್ನ ಆಸೆ. ಅದೇ ಪುರಸಭೆ 1602ರಲ್ಲಿ ಗಿಲ್ಡ್‌ಹಾಲಿನಲ್ಲಿ ನಾಟಕ ಆಡಿಸಕೂಡದು ಅಂತ ನಿಷೇಧ ಹಾಕಿತು, ಅನುಮತಿ ಕೊಟ್ಟವರಿಗೆ ದಂಡ. ಶೇಕ್ಸ್‌ಪಿಯರ್ ಆಗ ಲಂಡನ್ನಿನಲ್ಲಿ ಹೆಸರು ಮಾಡಿದ್ದ ನಾಟಕಕಾರ, ಇದೇ ಶಾಲೆಯ ಎದುರಿಗೆ ನ್ಯೂ ಪ್ಲೇಸ್ ಎಂಬ ದೊಡ್ಡ ಮನೆ ಕೊಂಡಿದ್ದ. ಅವನ ಊರಿನಲ್ಲೇ ನಾಟಕ ಬಂದ್. ಬೇಜಾರಾಗುತ್ತೆ.

ಮೆಟ್ಟಿಲು ಹತ್ತಿದರೆ ಶಾಲೆ, ಹಿಂದಿನ ಅಂಗಳದಿಂದ ಆಮೇಲೆ ಇಲ್ಲಿಗೆ ಬಂದದ್ದು. ತಲೆ ಎತ್ತಿದರೆ ಮಾಡಿನ ತೊಲೆಗಳು, ಕೆಳಗೆ ಹಳೇ ಡೆಸ್ಕುಗಳು. ಡೆಸ್ಕುಗಳು ಶೇಕ್ಸ್‌ಪಿಯರ್ ಕಾಲದವಲ್ಲ, ಆಮೇಲಿನವು, ಆದರೆ ಮೈತುಂಬ ಹುಡುಗರು ಚಾಕುವಿನಲ್ಲಿ ಕೆತ್ತಿದ ಹೆಸರು. ಕೆಲವು ಅಕ್ಷರ ಎಷ್ಟು ಆಳ ಅಂದರೆ ಬೆರಳ ತುದಿ ಒಳಗೆ ಕೂರುತ್ತೆ. ಸವೆದು ಅಂಚು ನುಣುಪಾಗಿವೆ. ಅಪ್ಪ ಒಂದೊಂದನ್ನೂ ಮುಟ್ಟಿ ನೋಡಿದರು. ಅಲ್ಲಿ ಒಬ್ಬರು ಹಳೇ ಕಾಲದ ಮೇಷ್ಟ್ರ ವೇಷದಲ್ಲಿ ಬಂದವರಿಗೆ ಲ್ಯಾಟಿನ್ ಪಾಠ ಮಾಡುತ್ತಾರೆ. ಅಪ್ಪ ಮುಂದಿನ ಬೆಂಚಿನಲ್ಲಿ ಕೂತು ದೊಡ್ಡ ದನಿಯಲ್ಲಿ ಉತ್ತರ ಹೇಳಿದರು, ಅಷ್ಟು ಖುಷಿ ಅವರ ಮುಖದಲ್ಲಿ ನೋಡಿ ಬಹಳ ದಿನವಾಗಿತ್ತು.

ಗರಿಯಿಂದ ಬರೆಯೋಕೂ ಕೊಡುತ್ತಾರೆ. ಹೆಬ್ಬಾತಿನ ಗರಿ. ಬಲಗೈಯವರಿಗೆ ಎಡ ರೆಕ್ಕೆಯ ಗರಿ ಒಳ್ಳೆಯದಂತೆ, ಅದರ ಬಾಗು ಕಣ್ಣಿಗೆ ಅಡ್ಡ ಬರದೆ ಆಚೆ ಹೋಗುತ್ತೆ. ಒತ್ತಿದರೆ ಮಸಿ ಚೆಲ್ಲುತ್ತೆ, ಒತ್ತದಿದ್ದರೆ ಮೂಡಲ್ಲ, ಎರಡು ಪದಕ್ಕೊಮ್ಮೆ ಅದ್ದಬೇಕು. ಆ ಕಾಲದ ಗ್ರಾಮರ್ ಸ್ಕೂಲುಗಳಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಪಾಠ ಶುರು, ಸಂಜೆವರೆಗೂ ಲ್ಯಾಟಿನ್ ಓದು, ಬಾಯಿಪಾಠ, ತಪ್ಪಿದರೆ ಬೆತ್ತ. ಹುಡುಗರಿಗೆ ಮಾತ್ರ ಪ್ರವೇಶ.

ಅಪ್ಪ ಒಂದು ಮಾತು ಕೇಳಿದರು: "ಅವನ ಹೆಸರಿರೋ ಹಾಜರಿ ಪುಸ್ತಕ ಇದೆಯಾ?" ಇಲ್ಲ. ಆ ಕಾಲದ ದಾಖಲಾತಿ ಯಾವುದೂ ಉಳಿದಿಲ್ಲ. ಆದರೆ ಪುರಸಭೆ ಸದಸ್ಯನ ಮಗ, ಊರಿನಲ್ಲೇ ಫೀಸಿಲ್ಲದ ಶಾಲೆ, ಬರೆದದ್ದರಲ್ಲೆಲ್ಲ ಲ್ಯಾಟಿನ್ ಕವಿ ಓವಿಡ್‌ನ ಕಥೆಗಳ ಗುರುತು. ಬೇರೆಲ್ಲಿ ಕಲಿತಾನು? ಸೈಮನ್ ಹಂಟ್, ಥಾಮಸ್ ಜೆಂಕಿನ್ಸ್ ಎಂಬ ಮೇಷ್ಟ್ರುಗಳು ಇಲ್ಲಿದ್ದದ್ದು ಅವನ ಶಾಲೆಯ ವಯಸ್ಸಿನಲ್ಲೇ. ಜೆಂಕಿನ್ಸ್ ಹೆಸರನ್ನ ಅಪ್ಪ ತಮ್ಮ ಡೈರಿಯಲ್ಲಿ ಬರೆದುಕೊಂಡರು.

ಪಕ್ಕದ ಚಾಪೆಲ್ ಒಳಗೂ ಹೋಗಬೇಕು. ಮುಂದಿನ ಕಮಾನಿನ ಮೇಲೆ ಕೊನೆಯ ತೀರ್ಪಿನ ದಿನದ ದೊಡ್ಡ ಚಿತ್ರ, ಮಸುಕಾಗಿದೆ. 1563-64ರಲ್ಲಿ, ದೇಶ ಕ್ಯಾಥೊಲಿಕ್ ಬಿಟ್ಟು ಪ್ರಾಟೆಸ್ಟೆಂಟ್ ಆದ ಮೇಲೆ ಬಂದ ಆಜ್ಞೆಯಂತೆ, ಪುರಸಭೆ ಎರಡು ಶಿಲ್ಲಿಂಗ್ ಖರ್ಚು ಮಾಡಿ ಇಲ್ಲಿನ ಚಿತ್ರಗಳನ್ನ ಅಳಿಸಿತು. ಆಗ ಲೆಕ್ಕ ನೋಡುತ್ತಿದ್ದವನು ಇದೇ ಜಾನ್ ಶೇಕ್ಸ್‌ಪಿಯರ್. ಪುಣ್ಯಕ್ಕೆ ಈ ಗೋಡೆಗೆ ಸುಣ್ಣ ಬಳಿದು ಬಿಟ್ಟರು. ಆ ಸುಣ್ಣದ ಕೆಳಗೇ ಚಿತ್ರ ಉಳಿಯಿತು, 1804ರಲ್ಲಿ ಮತ್ತೆ ಸಿಕ್ಕಿತು.

ನಾನು ಓದಿದ ಪ್ರೈಮರಿ ಶಾಲೆಯದ್ದು ಹೆಂಚಿನ ಕಟ್ಟಡ, ಬೀಟೆ ಮರದ ಬಾಗಿಲು. ಸೋರುತ್ತೆ ಅಂತ ಕೆಡವಿ ಕಾಂಕ್ರೀಟ್ ಮಾಡಿದರು. ಹೆಂಚು ಬದಲಿಸಿದ್ದರೆ ಸಾಕಿತ್ತು, ಇವತ್ತಿಗೂ ನನಗೆ ಸಿಟ್ಟು ಬರುತ್ತೆ. ಇಲ್ಲಿ ಆರುನೂರು ವರ್ಷದಲ್ಲಿ ಧರ್ಮ ಬದಲಾಯಿತು, ಮಾಲೀಕರು ಬದಲಾದರು, ಆದರೆ ಪ್ರತಿ ಸಲವೂ ಯಾರಿಗೋ ಈ ಕಟ್ಟಡ ಬೇಕಿತ್ತು. ಬೇಕಾಗಿದ್ದರಿಂದ ರಿಪೇರಿ ಮಾಡಿದರು, ರಿಪೇರಿ ಮಾಡಿದ್ದರಿಂದ ನಿಂತಿದೆ. ಮ್ಯೂಸಿಯಂ ಮಾಡಿ ಬೀಗ ಹಾಕಿ ಕೂರಿಸಿದ್ದಲ್ಲ.

2016ರಲ್ಲಿ, ಶೇಕ್ಸ್‌ಪಿಯರ್ ತೀರಿಕೊಂಡು ನಾನೂರು ವರ್ಷವಾದಾಗ, ಇದನ್ನ ಪ್ರವಾಸಿಗರಿಗೆ ತೆರೆದರು. ಶಾಲೆ ಈಗಲೂ ನಡೆಯುತ್ತಿದೆ, ಹಾಗಾಗಿ ಹೊರಡೋ ಮೊದಲು ತೆರೆಯೋ ಸಮಯ ನೋಡಿಕೊಳ್ಳಿ. ಯಾರಾದರೂ ಊರಿಂದ ಅಪ್ಪ ಅಮ್ಮನ್ನ ಕರೆದುಕೊಂಡು ಸ್ಟ್ರಾಟ್‌ಫರ್ಡ್‌ಗೆ ಹೋಗೋದಿದ್ದರೆ ಹುಟ್ಟಿದ ಮನೆಯಲ್ಲೇ ಇಡೀ ದಿನ ಕಳೀಬೇಡಿ. ಅದರಲ್ಲೂ ಮನೆಯಲ್ಲಿ ಮೇಷ್ಟ್ರು ಇದ್ದರೆ ಶಾಲೆಗೇ ಅರ್ಧ ದಿನ ಇಡಿ. ಮೇಲೆ ಹೋಗೋಕೆ ಮೆಟ್ಟಿಲಿದೆ, ಮಂಡಿ ನೋವಿನವರನ್ನ ನಿಧಾನಕ್ಕೆ ಹತ್ತಿಸಿ.